ನೀಲಿಗಟ್ಟಿದ ಕಾಲಿನ ಚರಿತ್ರೆ

ಮೊಣಕಾಲಿನ ಆಪರೇಷನ್ ಆಗಿ ಐದನೇ ದಿನ ಅವ್ವನನ್ನು ಮನೆಗೆ ಕರೆತಂದೆವು. ಮರುದಿನ ಬೆಳಿಗ್ಗೆ ಸೀರೆ ಸರಿಸಿ ನೋಡಿದರೆ ತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಕಾಲು ನೀಲಿಗಟ್ಟಿತ್ತು. ಕೆಲವೆಡೆ ನೇರಳೆ ಹಣ್ಣಿನ ಬಣ್ಣ, ಅಂಚಿನಲ್ಲಿ ಹಳದಿ. ಪಾದ ಊದಿ ಕಾಲುಂಗುರ ಬಿಗಿಯಾಗಿತ್ತು. ಡಾಕ್ಟರು ಕೊಯ್ದದ್ದು ಮೊಣಕಾಲಿನ ಮುಂಭಾಗದಲ್ಲಿ, ಕಪ್ಪಾಗಿದ್ದು ಹಿಮ್ಮಡಿಯ ಪಕ್ಕದಲ್ಲಿ. ಇದು ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯಲ್ಲಿ ಸಭೆಯೇ ಸೇರಿತು. ಅತ್ತಿ ಎಕ್ಕೆ ಎಲೆ ಬಿಸಿ ಮಾಡಿ ಕಟ್ಟೋಣ ಅಂದಳು. ಇನ್ನೊಬ್ಬರು ಹದಿನೈದು ದಿನ ಕಾಲು ಅಲುಗಾಡಿಸಬಾರದು ಅಂದರು. ಊರಲ್ಲಿ ಉಳುಕು ತೆಗೆಯುವ ಕಾಕಾ ಮಾತ್ರ ಕಾಲನ್ನು ದಿಟ್ಟಿಸಿ ನೋಡಿ, "ಕೆಟ್ಟ ರಕ್ತ ಕೆಳಗ ಇಳದು ಕುಂತೈತಿ ತಮ್ಮಾ. ಮೀನಖಂಡ ಚಲೋತ್ನಂಗ ಎಣ್ಣಿ ಹಚ್ಚಿ ತಿಕ್ಕಿದ್ರ ಎರಡ ದಿನದಾಗ ಕರಗತೈತಿ," ಅಂದ. ಹರಳೆಣ್ಣೆಯ ಬಟ್ಟಲೂ ಬಂತು.

ಆಸ್ಪತ್ರೆಯ ಚೀಟಿಯಲ್ಲಿ ಗುಳಿಗೆಗಳ ಪಟ್ಟಿ, ಹೊಲಿಗೆ ಬಿಚ್ಚುವ ದಿನಾಂಕ, ಕೊನೆಗೆ ವ್ಯಾಯಾಮ ಮಾಡಿ ಎಂಬ ಒಂದು ಸಾಲು ಇತ್ತು. ಬಾವಿನ ಬಗ್ಗೆ, ಬಣ್ಣದ ಬಗ್ಗೆ ಏನೂ ಇರಲಿಲ್ಲ. ನಾನು ಅಲ್ಲಿನ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿದೆ. ಕಾಲು ನೀಲಿಯಾಗಿದೆ ಅಂದಾಗ ಅವರು ಗಾಬರಿಯಾಗಲಿಲ್ಲ. ಮೀನಖಂಡ ತಿಕ್ಕುತ್ತಾರಂತೆ ಅಂದ ಕೂಡಲೇ ದನಿ ಬದಲಾಯಿತು. "ಮೊದಲು ಅದನ್ನ ನಿಲ್ಲಿಸಿ," ಅಂದರು.

ಕಣ್ಣಿಗೆ ಭಯಂಕರವಾಗಿ ಕಾಣುವ ನೀಲಿಗೆ ಇಲ್ಲದ ಭಯ, ಒಳ್ಳೆಯ ಮನಸ್ಸಿನ ಮಾಲೀಸಿಗೆ ಯಾಕೆ? ಉತ್ತರ ಹುಡುಕುತ್ತ ಹೋದಾಗ ಎರಡು ಸಾವಿರ ವರ್ಷದ ಕಥೆ ಬಿಚ್ಚಿಕೊಂಡಿತು.

ಮುಟ್ಟುವ ಬಾವು, ಮುಟ್ಟಬಾರದ ಬಾವು

ಬಾವಿನ ಲಕ್ಷಣಗಳನ್ನು ಒಟ್ಟಿಗೆ ಬರೆದಿಟ್ಟವರಲ್ಲಿ ಹಳಬ ರೋಮ್‌ನ ಸೆಲ್ಸಸ್. ಕ್ರಿಸ್ತಶಕ ಮೊದಲನೇ ಶತಮಾನದವನು. ಕೆಂಪು, ಊತ, ಬಿಸಿ, ನೋವು ಎಂದು ಅವನು ಹೇಳಿದ ನಾಲ್ಕು ಲಕ್ಷಣಗಳನ್ನು ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಬಾಯಿಪಾಠ ಮಾಡುತ್ತಾರೆ.

ನಮ್ಮ ಸುಶ್ರುತ ಸಂಹಿತೆ ಇನ್ನೊಂದು ದಾರಿಯಲ್ಲಿ ಯೋಚಿಸಿತು. ಬಾವನ್ನು ಹಸಿ, ಹಣ್ಣಾಗುತ್ತಿರುವುದು, ಹಣ್ಣಾದದ್ದು ಎಂದು ಮೂರು ಹಂತವಾಗಿ ವಿಂಗಡಿಸಿತು. ಹಸಿಯಾದದ್ದನ್ನು ಕೊಯ್ಯುವವನೂ ಹಣ್ಣಾದದ್ದನ್ನು ಹಾಗೇ ಬಿಡುವವನೂ ಇಬ್ಬರೂ ತಪ್ಪಿತಸ್ಥರು ಎಂದಿತು. ಅಂದರೆ ವೈದ್ಯನ ಜಾಣತನ ಇರುವುದು ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಗುರುತಿಸುವುದರಲ್ಲಿ. ಅದೇ ಗ್ರಂಥದಲ್ಲಿ ಜಿಗಣೆ ಹಚ್ಚಿ ಕೆಟ್ಟ ರಕ್ತ ತೆಗೆಯುವುದಕ್ಕೇ ಒಂದು ಅಧ್ಯಾಯವಿದೆ. ಯುರೋಪಿನಲ್ಲೂ 19ನೇ ಶತಮಾನದವರೆಗೆ ಜಿಗಣೆಯ ಭರ್ಜರಿ ವ್ಯಾಪಾರವಿತ್ತು. ನಮ್ಮ ಕಾಕಾನ 'ಕೆಟ್ಟ ರಕ್ತ' ಆ ಹಳೆಯ ಬೇರಿನಿಂದಲೇ ಬಂದ ಮಾತು.

ಹಾಗಾದರೆ ಆ ನೀಲಿ ಏನು? ಅದು ರಕ್ತನಾಳದಿಂದ ಹೊರಗೆ ಸೋರಿ ಚರ್ಮದ ಅಡಿ ನಿಂತ ರಕ್ತ. ಕೆಟ್ಟದ್ದೇನಲ್ಲ, ಜಾಗ ತಪ್ಪಿದ್ದು ಅಷ್ಟೇ. ಜರ್ಮನಿಯ ರುಡಾಲ್ಫ್ ವಿರ್ಕೋ 1847ರಲ್ಲಿ, ಹೀಗೆ ಸೋರಿ ನಿಂತ ಹಳೆಯ ರಕ್ತದಲ್ಲಿ ಹಳದಿ ಕೆಂಪಿನ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ. ದೇಹವೇ ಆ ರಕ್ತವನ್ನು ಒಡೆದು ಕರಗಿಸುತ್ತದೆ. ಆ ಕೆಲಸದ ಹಂತಗಳೇ ಬಣ್ಣಗಳಾಗಿ ಕಾಣುತ್ತವೆ: ಮೊದಲು ನೇರಳೆ, ಆಮೇಲೆ ಹಸಿರು, ಹಳದಿ, ಕೊನೆಗೆ ತುಸು ಕಂದು. ಹಿಮ್ಮಡಿಗೆ ಬಂದದ್ದು ಯಾಕೆಂದರೆ ನೀರಿನಂತೆ ರಕ್ತವೂ ಇಳಿಜಾರಿಗೆ ಹರಿಯುತ್ತದೆ. ಮೊಣಕಾಲಲ್ಲಿ ಸೋರಿದ್ದು ಎರಡು ಮೂರು ದಿನದಲ್ಲಿ ಮೀನಖಂಡಕ್ಕೆ, ಪಾದಕ್ಕೆ ಇಳಿಯುತ್ತದೆ. ಅವ್ವನ ಕಾಲಿನ ಹಳದಿ ಅಂಚು ರೋಗವಲ್ಲ, ರಿಪೇರಿ ನಡೆದಿದೆ ಎಂಬುದರ ಗುರುತು.

ಮೊಣಕಾಲು ತೆರೆದರೆ ಸಾವು ಎಂಬ ಕಾಲ

ಆಪರೇಷನ್ ನಂತರದ ಬಾವು ಎಂದರೆ ಒಂದೂವರೆ ಶತಮಾನದ ಹಿಂದೆ ನೀಲಿಯಲ್ಲ, ಕೀವು. ಮೊಣಕಾಲಿನ ಕೀಲಿಗೆ ಗಾಯವಾದರೆ ಕಾಲು ಕತ್ತರಿಸುವುದೇ ಮದ್ದು, ಇಲ್ಲವಾದರೆ ಸಾವು ಎಂಬುದು ಯುದ್ಧಭೂಮಿಯ ವೈದ್ಯರ ಲೆಕ್ಕಾಚಾರ. ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲ ಬಳಸಿ ಗಾಯ ಕೊಳೆಯದಂತೆ ಮಾಡುವ ವಿಧಾನವನ್ನು ಪ್ರಕಟಿಸಿದ. ಹತ್ತು ವರ್ಷದ ನಂತರ, 1877ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಒಬ್ಬನ ಮುರಿದ ಮೊಣಚಿಪ್ಪನ್ನು ಕೀಲು ತೆರೆದು ಬೆಳ್ಳಿಯ ತಂತಿಯಿಂದ ಹೊಲಿದ. ಚರ್ಮ ಹರಿಯದ ಮೊಣಕಾಲನ್ನು ಬೇಕೆಂದೇ ಕೊಯ್ಯುವುದು ಆಗಿನ ವೈದ್ಯರ ಕಣ್ಣಿಗೆ ಜೀವದ ಜೊತೆ ಆಟ. ಆದರೆ ಕೀವಾಗಲಿಲ್ಲ, ಗಾಯ ಮಾಯಿತು.

ಆ ಧೈರ್ಯದ ಮೇಲೆ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ 1890ರಲ್ಲಿ ಆನೆದಂತದ ಮೊಣಕಾಲನ್ನೇ ಮಾಡಿ ಕೂರಿಸಿದ. ಕ್ಷಯದಿಂದ ಹಾಳಾದ ಕೀಲುಗಳಲ್ಲಿ ಕೂರಿಸಿದ್ದರಿಂದ ಸೋಂಕು ಮತ್ತೆ ಕಾಡಿ ಪ್ರಯೋಗ ನಿಂತಿತು. 1950ರ ದಶಕದಲ್ಲಿ ಬಾಗಿಲ ಕೀಲಿನಂಥ ಲೋಹದ ಮೊಣಕಾಲುಗಳು ಬಂದವು. 1974ರಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ಜಾನ್ ಇನ್ಸಾಲ್, ಚಿತ್ತರಂಜನ್ ರಾಣಾವತ್, ಪೀಟರ್ ವಾಕರ್ ರೂಪಿಸಿದ ಕೀಲು ಇಂದಿನ ಬಹುತೇಕ ಕೃತಕ ಮೊಣಕಾಲುಗಳ ಪೂರ್ವಜ. ರಾಣಾವತ್ ನಮ್ಮ ದೇಶದಿಂದ ಹೋದವರು. ಅವರ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಮಲಗಿಸಬೇಕೋ, ನಡೆಸಬೇಕೋ?

"ಹದಿನೈದು ದಿನ ಅಲುಗಾಡಿಸಬಾರದು" ಎಂದವರ ಹಿಂದೆಯೂ ದೊಡ್ಡ ಪರಂಪರೆ ಇದೆ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ (1834–1891) ಎಲುಬು ಕಟ್ಟುವ ಮನೆತನದಲ್ಲಿ ಹುಟ್ಟಿ ವೈದ್ಯನಾದವನು. ಕೀಲು ಕೆಟ್ಟರೆ ದೀರ್ಘ ಕಾಲದ ಕಟ್ಟುನಿಟ್ಟಾದ ವಿಶ್ರಾಂತಿಯೇ ಮದ್ದು ಎಂದು ಅವನು ನಂಬಿದ್ದ. ಕಾಲನ್ನು ನೇರವಾಗಿ ಹಿಡಿದಿಡಲು ಅವನು ಮಾಡಿದ ಕಬ್ಬಿಣದ ಚೌಕಟ್ಟು ಮೊದಲ ಮಹಾಯುದ್ಧದಲ್ಲಿ ತೊಡೆ ಮೂಳೆ ಮುರಿದ ಅನೇಕ ಸೈನಿಕರ ಜೀವ ಉಳಿಸಿತು. ಅದೇ ಕಾಲದಲ್ಲಿ ಫ್ರಾನ್ಸಿನ ಲ್ಯೂಕಾ ಶಾಂಪಿಯೊನಿಯೆರ್, ಇಲ್ಲ, ಕೀಲಿಗೆ ಚಲನೆಯೇ ಜೀವ ಎಂದು ವಾದಿಸುತ್ತಿದ್ದ. ಗೆದ್ದದ್ದು ವಿಶ್ರಾಂತಿಯ ಪಕ್ಷ. ಮೊಣಕಾಲಿನ ಆಪರೇಷನ್ ಆದವರನ್ನು ಪ್ಲಾಸ್ಟರ್ ಹಾಕಿ ವಾರಗಟ್ಟಲೆ ಮಲಗಿಸುವುದೇ ಬಹುಕಾಲ ರೂಢಿಯಾಗಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಹಾಸಿಗೆಗಳು ಸಾಲದಾದವು. ಬೇಗ ಎಬ್ಬಿಸಿದ ರೋಗಿಗಳು ಸಾಯಲಿಲ್ಲ, ಚೇತರಿಸಿಕೊಂಡರು. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್, ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ ಪ್ರಸಿದ್ಧವಾಯಿತು. ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು ಆತ ಎಚ್ಚರಿಸಿದ್ದ.

1965ರಲ್ಲಿ ಮತ್ತೊಂದು ಎಳೆ ಸಿಕ್ಕಿತು. ಮೊಣಕಾಲಿನ ಕೀಲಿನೊಳಗೆ ದ್ರವ ತುಂಬಿಸಿ ನೋಡಿದ ಸಂಶೋಧಕರಿಗೆ, ಕೀಲು ಊದಿದಂತೆಲ್ಲ ತೊಡೆಯ ಮುಂಭಾಗದ ಸ್ನಾಯುವಿನ ಬಲ ಕುಗ್ಗುವುದು ಕಂಡಿತು. ನೋವಿನಿಂದಷ್ಟೇ ಅಲ್ಲ, ಊದಿದ ಕೀಲು ನರಗಳ ಮೂಲಕವೇ ತೊಡೆಗೆ 'ಸುಮ್ಮನಿರು' ಎಂದು ಹೇಳುತ್ತದೆ. ಅವ್ವ "ಕಾಲು ನಂದಲ್ಲ ಅನಸ್ತೈತಿ, ಎತ್ತಾಕ ಬರವಲ್ದು" ಎನ್ನುತ್ತಿದ್ದುದು ಹಟವಲ್ಲ, ಸೋಮಾರಿತನವೂ ಅಲ್ಲ. ಬಾವು ಇಳಿಸುವುದು ಅಂದಕ್ಕಲ್ಲ, ತೊಡೆಯನ್ನು ಮತ್ತೆ ಎಬ್ಬಿಸುವುದಕ್ಕೆ.

1970ರ ದಶಕದಲ್ಲಿ ಟೊರಾಂಟೋದ ರಾಬರ್ಟ್ ಸಾಲ್ಟರ್, ಚಲನೆಯಿಂದ ಕೀಲಿನ ಮೃದ್ವಸ್ಥಿ ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂದು ಮೊಲಗಳಲ್ಲಿ ತೋರಿಸಿದ. ಕಾಲನ್ನು ತಾನಾಗಿಯೇ ಮಡಚಿ ಬಿಚ್ಚುವ ಯಂತ್ರಗಳು ಆಸ್ಪತ್ರೆಗಳಿಗೆ ಬಂದವು. ಕೀಲು ಬದಲಾಯಿಸಿದವರಿಗೆ ಆ ಯಂತ್ರದಿಂದ ದೊಡ್ಡ ಲಾಭವಿಲ್ಲ ಎಂದು ಮುಂದಿನ ಅಧ್ಯಯನಗಳು ಹೇಳಿದವು. ರೋಗಿ ತಾನೇ ಎದ್ದು ನಡೆಯುವುದೇ ಮೇಲು. ಅದಕ್ಕೇ ಈಗ ಆಪರೇಷನ್ ಆದ ದಿನವೇ ಅಥವಾ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ.

ಹಡಗಿನಲ್ಲಿ ಬಂದ ಮಂಜುಗಡ್ಡೆ

ಬಾವಿಗೆ ಬಿಸಿ ಕೊಡಬೇಕೋ ತಂಪು ಇಡಬೇಕೋ ಎಂಬ ಜಗಳವೂ ಹಳೆಯದು. ನಮ್ಮ ಕಡೆ ಮಂಜುಗಡ್ಡೆ ಮನೆಮದ್ದಾಗದೇ ಇರುವುದಕ್ಕೆ ಸರಳ ಕಾರಣವಿದೆ, ಅದು ನಮ್ಮಲ್ಲಿ ಇರಲೇ ಇಲ್ಲ. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡೆರಿಕ್ ಟ್ಯೂಡರ್ ಅಮೆರಿಕದ ಕೆರೆಗಳಲ್ಲಿ ಕತ್ತರಿಸಿದ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. 180 ಟನ್ ಹೊರಟದ್ದು ನಾಲ್ಕು ತಿಂಗಳ ಪಯಣದ ನಂತರ ಸುಮಾರು 100 ಟನ್ ಉಳಿದಿತ್ತು. ಅದೇ ವ್ಯಾಪಾರಕ್ಕೆ ಮದ್ರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡ ಅದೇ. ಆ ಮಂಜುಗಡ್ಡೆ ಸಾಹೇಬರ ಲೋಟಕ್ಕೆ ಹೋಯಿತು, ನಮ್ಮ ಅಜ್ಜಿಯರ ಮೊಣಕಾಲಿಗೆ ಬರಲಿಲ್ಲ. ನಮ್ಮಲ್ಲಿದ್ದದ್ದು ಒಲೆ, ಎಕ್ಕೆ ಎಲೆ, ಬಿಸಿ ಮರಳಿನ ಗಂಟು. ವರ್ಷಗಟ್ಟಲೆಯ ಮಂಡಿನೋವಿಗೆ ಅವು ಹಿತ ಕೊಟ್ಟಿವೆ ಕೂಡ. ಆದರೆ ಹೊಸದಾಗಿ ಕೊಯ್ದ ಕಾಲಿಗೆ ಕಾವು ಕೊಟ್ಟರೆ ರಕ್ತನಾಳ ಅರಳಿ ಬಾವು ಇನ್ನೂ ಹೆಚ್ಚುತ್ತದೆ.

ವಿಶ್ರಾಂತಿ, ಮಂಜುಗಡ್ಡೆ, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಡುವುದು. ಈ ನಾಲ್ಕನ್ನು ಸೇರಿಸಿ 'ರೈಸ್' ಎಂಬ ಸೂತ್ರವನ್ನು 1978ರಲ್ಲಿ ಪುಸ್ತಕದಲ್ಲಿ ಬರೆದದ್ದು ಅಮೆರಿಕದ ಕ್ರೀಡಾ ವೈದ್ಯ ಗೇಬ್ ಮಿರ್ಕಿನ್. ಮೂರೂವರೆ ದಶಕದ ನಂತರ ಅವರೇ ತಮ್ಮ ಮಾತು ತಿದ್ದಿಕೊಂಡರು. ಬಾವು ದೇಹದ ರಿಪೇರಿ ಕೆಲಸದ ಭಾಗ, ಅದನ್ನು ಮಂಜುಗಡ್ಡೆಯಿಂದ ಪೂರ್ತಿ ತಡೆದರೆ ಗಾಯ ಮಾಯುವುದು ತಡವಾಗಬಹುದು ಎಂದರು. ಅದು ಆಟಗಾರರ ಪೆಟ್ಟಿನ ಕುರಿತ ಮಾತು. ಮೊಣಕಾಲು ಬದಲಾಯಿಸಿದವರ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ತಂಪಿನಿಂದ ಸಣ್ಣ ಪ್ರಯೋಜನ ಮಾತ್ರ ಕಂಡಿದೆ. ಬಟ್ಟೆ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ನೋವು ತುಸು ತಗ್ಗುತ್ತದೆ, ವ್ಯಾಯಾಮ ಮಾಡಲು ಮನಸ್ಸಾಗುತ್ತದೆ. ಅಷ್ಟು ಸಾಕು. ಸಾವಿರಾರು ರೂಪಾಯಿಯ ಯಂತ್ರ ಬೇಕಿಲ್ಲ.

ಹಾಲಿನ ಕ್ಯಾನಿನಲ್ಲಿ ರಕ್ತ

ಈಗ ಮಾಲೀಸಿನ ವಿಷಯ. ಹರಳು ಗುರುತಿಸಿದ ಅದೇ ವಿರ್ಕೋ 1856ರಲ್ಲಿ ಇನ್ನೊಂದು ದೊಡ್ಡ ಸತ್ಯವನ್ನು ವಿವರಿಸಿದ. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ, ಹರಿವಿನ ಜೊತೆ ಹೋಗಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಹಠಾತ್ ಸಾವುಗಳ ಕಾರಣ ಅದು. ಮೊಣಕಾಲಿನ ಆಪರೇಷನ್ನಿನಲ್ಲಿ ಹೆಪ್ಪುಗಟ್ಟಲು ಬೇಕಾದ ಎಲ್ಲವೂ ಒಟ್ಟಿಗೆ ಇರುತ್ತವೆ: ಪೆಟ್ಟು, ಅಲುಗಾಡದ ಕಾಲು, ನಿಂತ ರಕ್ತ. ಮುನ್ನೆಚ್ಚರಿಕೆಯ ಔಷಧ ಕೊಡದಿದ್ದ ದಿನಗಳ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳ ಕಾಲಿನಲ್ಲಿ ಹೆಪ್ಪು ಕಂಡಿತ್ತು. ಬಹುಪಾಲು ಜನರಿಗೆ ಯಾವ ಲಕ್ಷಣವೂ ಇರಲಿಲ್ಲ. ಮೀನಖಂಡದ ಆಳದಲ್ಲಿ ಅಂಥದೊಂದು ಹೆಪ್ಪು ಇದ್ದರೆ, ಬಲವಾಗಿ ತಿಕ್ಕುವ ಕೈ ಅದನ್ನು ಕಳಚಿಬಿಡಬಹುದು. ಕಣ್ಣಿಗೆ ಕಾಣುವ ನೀಲಿ ಹೊರಗಿನದು. ಅಪಾಯ ಇರುವುದು ಕಾಣದ ಹೆಪ್ಪಿನಲ್ಲಿ.

ಅದನ್ನು ತಡೆಯುವ ಔಷಧದ ಕಥೆ ನಮ್ಮಂಥ ದನ ಕಟ್ಟಿದವರಿಗೆ ಬೇಗ ಅರ್ಥವಾಗುತ್ತದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಕೊಂಬು ಕತ್ತರಿಸಿದರೂ ಸಾಕು, ಸುರಿದೇ ಸುರಿಯುತ್ತಿತ್ತು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವೇ ಕಾರಣ ಎಂದು ಪತ್ತೆ ಮಾಡಿದ್ದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಹಿಮಗಾಳಿಯಲ್ಲಿ ಸತ್ತ ಕರು, ಒಂದಿಷ್ಟು ಹಾಳಾದ ಮೇವು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ಮ್ಯಾಡಿಸನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಪ್ರಯೋಗಾಲಯದ ಬಾಗಿಲಿಗೆ ಬಂದ. ಲಿಂಕ್ ತಂಡ ಆರೇಳು ವರ್ಷ ದುಡಿದು ಆ ಮೇವಿನೊಳಗಿನ ವಸ್ತುವನ್ನು ಬೇರ್ಪಡಿಸಿತು. ಅದರ ಜಾಡಿನಲ್ಲೇ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂತು. 1954ರಲ್ಲಿ ಮನುಷ್ಯರ ಔಷಧವಾಯಿತು.

ಈಗ ಮೊಣಕಾಲಿನ ರೋಗಿಗಳಿಗೆ ಹೊಟ್ಟೆಯ ಇಂಜೆಕ್ಷನ್ನೋ ಬೇರೆ ಗುಳಿಗೆಯೋ ಕೊಡುತ್ತಾರೆ. ಕೆಲಸ ಅದೇ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು. ಅದರ ಬೆಲೆಯಾಗಿ ರಕ್ತ ಸ್ವಲ್ಪ ಹೆಚ್ಚು ಸೋರುತ್ತದೆ, ನೀಲಿ ದಟ್ಟವಾಗುತ್ತದೆ. ಇದು ಗೊತ್ತಿಲ್ಲದೆ ನೀಲಿ ಕಂಡು ಹೆದರಿ ಗುಳಿಗೆ ನಿಲ್ಲಿಸುವವರಿದ್ದಾರೆ. ಮೆಡಿಕಲ್ ಶಾಪ್‌ನಿಂದ ಇನ್ನೊಂದು ನೋವಿನ ಗುಳಿಗೆ ತಂದು ಸೇರಿಸುವವರೂ ಇದ್ದಾರೆ. ಎರಡೂ ಅಪಾಯ.

ಸೋರುವಿಕೆ ತಗ್ಗಿಸುವ ದಾರಿಯೂ ಸಿಕ್ಕಿದೆ. ಜಪಾನಿನ ಉಟಾಕೊ ಒಕಾಮೊಟೊ, ಪತಿ ಶೊಸುಕೆ ಜೊತೆ ಸೇರಿ 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲ ಹೆರಿಗೆಯ ರಕ್ತಸ್ರಾವದಿಂದ ತಾಯಂದಿರನ್ನು ಉಳಿಸುವ ಆಸೆಯಿಂದ ಹುಟ್ಟಿದ್ದು. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಬೆನ್ನಿಗೆ ಕಟ್ಟಿಕೊಂಡು ಆಕೆ ಪ್ರಯೋಗಾಲಯದಲ್ಲಿ ದುಡಿದಿದ್ದರು. ಆ ಅಗ್ಗದ ಔಷಧವನ್ನು ಈಗ ಮೊಣಕಾಲಿನ ಆಪರೇಷನ್ನಿನಲ್ಲೂ ವ್ಯಾಪಕವಾಗಿ ಕೊಡುತ್ತಾರೆ.

ಕೀಲು ಬಂತು, ತಿಳಿವಳಿಕೆ ಬರಲಿಲ್ಲ

ನಮ್ಮ ಕಡೆಯ ಜನರಿಗೆ 'ಮೊಣಕಾಲು ಬದಲಿಸುತ್ತಾರಂತೆ' ಎಂಬುದು ಮನೆಮಾತಾದದ್ದು 2000ದ ಅಕ್ಟೋಬರಿನಲ್ಲಿ. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡ ಮೊಣಕಾಲಿಗೆ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. 2001ರ ಜೂನ್‌ನಲ್ಲಿ ಬಲಗಾಲು. ಎರಡನ್ನೂ ಮಾಡಿದ್ದು ನ್ಯೂಯಾರ್ಕಿನಿಂದ ಬಂದ ಅದೇ ರಾಣಾವತ್. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿನ ಬೆಲೆ ಸರಾಸರಿ ಒಂದೂವರೆ ಲಕ್ಷ ದಾಟಿದ್ದದ್ದು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಈಗ ಜಿಲ್ಲಾ ಕೇಂದ್ರಗಳಲ್ಲೂ ಈ ಆಪರೇಷನ್ ಆಗುತ್ತದೆ. ಕಳೆ ತೆಗೆದು, ಹುಲ್ಲು ಹೊತ್ತು ಮೊಣಕಾಲು ಸವೆಸಿಕೊಂಡ ಹೆಂಗಸರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಊರಿಗೆ ಬಂದದ್ದು ಕೀಲು ಮಾತ್ರ. ನೂರೈವತ್ತು ವರ್ಷದಲ್ಲಿ ವೈದ್ಯರು ತಪ್ಪು ಮಾಡಿ, ತಿದ್ದಿಕೊಂಡು ಕಲಿತ ಆರೈಕೆ ಆ ಚೀಟಿಯ ಒಂದು ಸಾಲಿನಲ್ಲಿ ಮುಗಿದುಹೋಯಿತು. ಪೇಟೆಯವರಿಗೆ ಮನೆಗೇ ಬರುವ ಫಿಸಿಯೋಥೆರಪಿಸ್ಟ್ ಇರುತ್ತಾರೆ. ನಮ್ಮಲ್ಲಿ ಇರುವುದು ಕಾಕಾ. ಅವನನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಗೊತ್ತಿದ್ದವರು ಹೇಳದೇ ಬಿಟ್ಟ ಜಾಗವನ್ನು ಅವನು ತನಗೆ ಗೊತ್ತಿದ್ದರಿಂದ ತುಂಬುತ್ತಾನೆ.

ಫೋನಿನಲ್ಲಿ ಹೇಳಿದ್ದನ್ನು ನಾನು ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಹಚ್ಚಿದೆ. ಮಲಗಿದಾಗ ಕಾಲು ಎದೆಗಿಂತ ಎತ್ತರ ಇರಲಿ. ದಿಂಬು ಹಿಮ್ಮಡಿಯ ಕೆಳಗೆ, ಮೊಣಕಾಲಿನ ಕೆಳಗೆ ಬೇಡ, ಇಟ್ಟರೆ ಕಾಲು ನೆಟ್ಟಗಾಗುವುದಿಲ್ಲ. ಎಚ್ಚರವಿದ್ದಾಗ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಬೇಕು. ಸ್ವಲ್ಪ ಸ್ವಲ್ಪ ನಡೆಯಬೇಕು, ಕಾಲು ಇಳಿಬಿಟ್ಟು ಬಹಳ ಹೊತ್ತು ಕೂರಬಾರದು. ಗಾಯಕ್ಕೆ ಎಲೆ, ಅರಿಶಿಣ, ಎಣ್ಣೆ ಏನೂ ಬೇಡ. ಬಾವು ಮೊದಲ ವಾರ ಹೆಚ್ಚಿ ಆಮೇಲೆ ನಿಧಾನ ಇಳಿಯುತ್ತದೆ, ಪೂರ್ತಿ ಹೋಗಲು ಕೆಲವು ತಿಂಗಳು ಬೇಕು. ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದದ್ದು: ಮೀನಖಂಡ ಬಿಗಿದು ನೋವು, ಬಾವು ಒಮ್ಮೆಲೇ ಹೆಚ್ಚಿದರೆ, ಗಾಯದಲ್ಲಿ ಕೀವು ಕಂಡರೆ, ಗಾಯದ ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ, ಪಾದ ತಣ್ಣಗಾಗಿ ಮರಗಟ್ಟಿದರೆ ಅದೇ ದಿನ ಆಸ್ಪತ್ರೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡ ಮಾಡದೆ 108.

ಕಾಕಾ ಆ ಹಾಳೆಯನ್ನು ನಿಂತು ಓದಿಸಿಕೊಂಡ. ಹೆಪ್ಪಿನ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಇದನ್ನ ಯಾರೂ ಹೇಳಿರಲಿಲ್ಲಲೋ ತಮ್ಮಾ," ಅಂದ. ಎಣ್ಣೆ ಬಟ್ಟಲು ಒಳಗೆ ಹೋಯಿತು. ಅವ್ವನ ಕಾಲು ಹಸಿರಾಗಿ, ಹಳದಿಯಾಗಿ, ಮೂರನೇ ವಾರಕ್ಕೆ ತನ್ನ ಬಣ್ಣಕ್ಕೆ ಮರಳಿತು. ಬಾವು ಯುಗಾದಿ ದಾಟಿತು. ಕಳೆದ ತಿಂಗಳು ಪಕ್ಕದ ಓಣಿಯಲ್ಲಿ ಇನ್ನೊಬ್ಬರಿಗೆ ಇದೇ ಆಪರೇಷನ್ ಆಯಿತು. ಆ ಹಾಳೆ ಕೇಳಿಕೊಂಡು ಬಂದದ್ದು ಕಾಕಾ.